ಅಗಲ ಮೂಲೆಯ ಕಬ್ಬಿಣ

ಆ ಸಂಕ ಸೊಟ್ಟಗಿಲ್ಲ. ಹಳ್ಳ ಸೊಟ್ಟಗಿದೆ. ಈ ಮಾತನ್ನು ಕತಗಾಲದಿಂದ ಒಳಗಿರುವ ಆ ಊರಿನಲ್ಲಿ ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಡೇರಿಗೆ ಹಾಲು ಕೊಡಲು ಹೋಗುವವರು ಬೈಕು ನಿಲ್ಲಿಸಿ ಕೇಳುತ್ತಿದ್ದರು. ಬಸ್ಸಿಗೆ ಕಾಯುವವರು ಬಸ್ಸು ಬರುವವರೆಗೂ ಕೇಳುತ್ತಿದ್ದರು. ಕೆಲಸ ಶುರುವಾದ ದಿನ ಪೂಜೆಗೆ ಬಂದ ಭಟ್ಟರು, ಗೂಟದಿಂದ ಗೂಟಕ್ಕೆ ಎಳೆದಿದ್ದ ದಾರವನ್ನು ನೋಡಿ, ಕಾಯಿ ಒಡೆಯಲು ಎತ್ತಿದ ಕೈ ಇಳಿಸಿ, "ಇದನ್ನ ಆಮೇಲೆ ಸಮಾ ಮಾಡ್ತ್ರಾ?" ಎಂದು ಕೇಳಿದರು. ಸೇತುವೆಯ ಎಂಜಿನಿಯರ್ ಹೆಂಗಸು ಎಂಬುದೇ ಅವರಿಗೆ ಅರ್ಧ ಅನುಮಾನ. ಸೇತುವೆಯೂ ಓರೆ ಎಂದು ತಿಳಿದಾಗ ಅನುಮಾನ ಪೂರ್ತಿಯಾಯಿತು.

ವಿಷಯ ಸುಲಭದ್ದು. ರಸ್ತೆ ನೇರ ಬರುತ್ತದೆ, ಹಳ್ಳ ಅದನ್ನು ಓರೆಯಾಗಿ ದಾಟುತ್ತದೆ. ರಸ್ತೆಯನ್ನೇ ಒಂದಿಷ್ಟು ತಿರುಗಿಸಿ ಹಳ್ಳಕ್ಕೆ ನೇರ ಅಡ್ಡ ಮಾಡಬಹುದಿತ್ತು. ಅದಕ್ಕೆ ಈಚೆ ದಡದಲ್ಲಿ ಒಬ್ಬರ ತೋಟದ ಮೂಲೆ, ಆಚೆ ದಡದಲ್ಲಿ ಇನ್ನೊಬ್ಬರ ಗದ್ದೆಯ ಮೂಲೆ ಬೇಕಿತ್ತು. ಸಂಕ ಬೇಕೇ ಬೇಕು ಎಂದು ಕೊಟ್ಟ ಅರ್ಜಿಯಲ್ಲಿ ಮೊದಲ ಎರಡು ಸಹಿ ಇವರಿಬ್ಬರದ್ದೇ. ಜಾಗ ಕೇಳಿದಾಗ ಮಾತ್ರ ಇಬ್ಬರಿಗೂ ಒಂದೇ ದಿನ ಮಕ್ಕಳ ಒಪ್ಪಿಗೆ ಕೇಳಬೇಕೆಂದು ಹೊಳೆಯಿತು. ಮಕ್ಕಳ ಒಪ್ಪಿಗೆ ಇವತ್ತಿಗೂ ಬಂದಿಲ್ಲ. ಹಾಗಾಗಿ ರಸ್ತೆ ಇದ್ದಲ್ಲೇ ಉಳಿಯಿತು, ಹಳ್ಳವಂತೂ ಯಾರ ಮಾತನ್ನೂ ಕೇಳುವುದಿಲ್ಲ, ಸೇತುವೆ ಓರೆಯಾಯಿತು.

ಓರೆ ಸೇತುವೆಯನ್ನು ಮೇಲಿನಿಂದ ನೋಡಿದರೆ ಶಂಕರಪೋಳಿಯ ಹಾಗಿರುತ್ತದೆ. ಎರಡು ಮೂಲೆ ಚೂಪು, ಎರಡು ಮೂಲೆ ಅಗಲ. ನೇರ ಸೇತುವೆಯಾದರೆ ತನ್ನ ಭಾರವನ್ನು ಎರಡು ದಡದ ಗೋಡೆಗಳ ಮೇಲೆ ಉದ್ದಕ್ಕೂ ಸಮನಾಗಿ ಹಂಚುತ್ತದೆ. ಓರೆಯದು ಹಾಗಲ್ಲ. ಭಾರಕ್ಕೆ ಹತ್ತಿರದ ದಾರಿ ಬೇಕು, ಒಂದು ಅಗಲ ಮೂಲೆಯಿಂದ ಎದುರು ದಡದ ಅಗಲ ಮೂಲೆಗೆ ದಾರಿ ಹತ್ತಿರ. ಹೀಗಾಗಿ ಅಗಲ ಮೂಲೆಗಳು ಮೈಮುರಿದು ದುಡಿಯುತ್ತವೆ, ಚೂಪು ಮೂಲೆಗಳು ಸುಮ್ಮನೆ ಕೂರುತ್ತವೆ. ಸಂಸಾರದಲ್ಲೂ ಹೀಗೇ ಇರುವುದರಿಂದ ಇದನ್ನು ಹೆಂಗಸರಿಗೆ ವಿವರಿಸುವಾಗ ನನಗೆ ಎಂದೂ ಕಷ್ಟವಾಗಿಲ್ಲ. ಗಂಡಸರಿಗೆ ಶಂಕರಪೋಳಿ ಬೇಕಾಗುತ್ತಿತ್ತು. ಸೈಟಿನ ಚಹಾದ ಜೊತೆ ಅದು ಹೇಗೂ ಬರುತ್ತಿತ್ತು, ಒಂದನ್ನು ಎತ್ತಿ ಹಿಡಿದು ಪಾಠ ಮಾಡುತ್ತಿದ್ದೆ. ಅವರು ತಲೆಯಾಡಿಸಿ ಅದನ್ನೇ ಕೇಳಿ ತಿನ್ನುತ್ತಿದ್ದರು.

ದಡದ ಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಕಾಂಕ್ರೀಟಿನ ಒಂದು ದಪ್ಪ ತೊಲೆ ಬರುತ್ತದೆ. ನಾವು ಕ್ಯಾಪ್ ಅನ್ನುತ್ತೇವೆ. ಸೇತುವೆ ಕೂರುವುದು ಅದರ ಮೇಲೆ. ಅದರ ಹೊಟ್ಟೆಯೊಳಗಿನ ಕಬ್ಬಿಣದ ಪಂಜರಕ್ಕೆ ಎಲ್ಲಿ ಎಷ್ಟು ರಾಡು ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದು ನನ್ನ ಕೆಲಸ. ಹೊನ್ನಾವರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಆಫೀಸು. ನಾನು ಮತ್ತು ನನಗಿಂತ ಹಿರಿಯರಾದ ಸರ್, ಇಬ್ಬರೇ. ಕುಮಟೆಯ ಮನೆಯಿಂದ ದಿನಾ ಹೋಗಿ ಬರುತ್ತೇನೆ. ಈ ಸೇತುವೆಗೆ ನಾನು ಹಾಕಿದ ಲೆಕ್ಕದಲ್ಲಿ ಪ್ರತಿ ಕ್ಯಾಪಿನ ಅಗಲ ಮೂಲೆಯ ತುದಿಗೆ ಹೆಚ್ಚಿನ ಆರು ದಪ್ಪ ರಾಡು ಬರಬೇಕಿತ್ತು, ರಾಡುಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಅಲ್ಲಿ ಒತ್ತೊತ್ತಾಗಿ ಬರಬೇಕಿತ್ತು. ಈ ಆರು ರಾಡುಗಳೇ ಮುಂದಿನ ಎಲ್ಲ ಕಿರಿಕಿರಿಗೆ ಮೂಲ. ಅವುಗಳದ್ದೇನೂ ತಪ್ಪಿಲ್ಲ.

ಜಾಗ ಕೊಡದಿದ್ದ ತೋಟದ ಯಜಮಾನರು ದಿನಾ ಬೆಳಿಗ್ಗೆ ಎಲೆಯಡಿಕೆಯ ಕವಳ ಹಾಕಿಕೊಂಡು ತೋಟದ ಅಂಚಿನ ಅಗಳಿನ ದಂಡೆ ಮೇಲೆ ಬಂದು ನಿಲ್ಲುತ್ತಿದ್ದರು. ನನ್ನ ತವರು ಅದೇ ಸೀಮೆಯದಾದ್ದರಿಂದ ನನ್ನ ಹತ್ತಿರ ಮನೆಮಾತಿನಲ್ಲೇ ಮಾತು.

"ತಂಗೀ, ಇವತ್ತಾದ್ರೂ ನೆಟ್ಟಗೆ ಆತಾ?"

"ಅದು ನೆಟ್ಟಗೆ ಆಗ್ತಿಲ್ಲೆ. ಹಳ್ಳವೇ ಓರೆ ಇದ್ದು."

"ಹಳ್ಳ ನಮ್ಮ ಅಜ್ಜನ ಕಾಲದಿಂದ ಅಲ್ಲೇ ಇದ್ದು. ಓರೆ ಹೇಳಿ ಯಾರೂ ಹೇಳಿದ್ದಿಲ್ಲೆ."

ನಿಮ್ಮ ಅಜ್ಜನಾಗಲಿ ನೀವಾಗಲಿ ಒಂದು ಗುಂಟೆ ಬಿಟ್ಟುಕೊಟ್ಟಿದ್ದರೆ ಈಗಲೂ ಯಾರೂ ಹೇಳುತ್ತಿರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ಪ್ರತಿದಿನ ವಾಪಸು ಹೋಗುತ್ತಿತ್ತು. ಅವರ ಮನೆಯಿಂದ ಹನ್ನೊಂದು ಗಂಟೆಗೆ ಮಜ್ಜಿಗೆ ಬರುತ್ತಿತ್ತು, ಅದೂ ಒಂದು ಕಾರಣ.

ಕಬ್ಬಿಣ ಕಟ್ಟುವ ಮೇಸ್ತ್ರಿ ಭಟ್ಕಳದ ಹತ್ತಿರದ ಹೆಬಳೆಯವರು. ಐವತ್ತು ದಾಟಿದವರು, ನನ್ನದೇ ವಯಸ್ಸು. ಮಾತು ಕಮ್ಮಿ. ಕುಮಟೆಯ ಗುತ್ತಿಗೆದಾರರು ಅವರನ್ನು ಏಳು ಜನರ ಸಮೇತ ಕರೆಸಿಕೊಂಡು, ಆ ಊರಿನ ಹಳೇ ಸೊಸೈಟಿ ಗೋದಾಮಿನಲ್ಲಿ ಇಳಿಸಿದ್ದರು. ನೇರ ಸೇತುವೆಯಲ್ಲಿ ರಿಂಗುಗಳೆಲ್ಲ ಒಂದೇ ಅಳತೆ, ಕಣ್ಣು ಮುಚ್ಚಿ ಬಗ್ಗಿಸುತ್ತಾ ಹೋಗಬಹುದು. ಓರೆಯದರಲ್ಲಿ ಕ್ಯಾಪಿನ ತುದಿಗೆ ಬಂದ ಹಾಗೆ ರಿಂಗು ಸ್ವಲ್ಪ ಸ್ವಲ್ಪವೇ ತಿರುಗಬೇಕು, ತಿರುಗಿದ ಹಾಗೆ ಉದ್ದ ಬದಲಾಗಬೇಕು. ನನ್ನ ನಕ್ಷೆಯಲ್ಲಿ ಇದಕ್ಕೆ ಒಂದು ದೊಡ್ಡ ಕೋಷ್ಟಕವಿತ್ತು. ಮೇಸ್ತ್ರಿ ಅದನ್ನು ಒಮ್ಮೆ ನೋಡಿ ಮಡಚಿ ಕಿಸೆಗೆ ಹಾಕಿಕೊಂಡು, ಅಡಿಕೆ ಮರದ ದಬ್ಬೆ ಸೀಳಿಸಿ, ಸೆಂಟ್ರಿಂಗಿನ ಒಳಗೆ ಒಂದೊಂದು ಜಾಗದಲ್ಲಿ ದಬ್ಬೆ ಇಟ್ಟು ಅಳೆದು ಕತ್ತರಿಸಿಕೊಂಡರು. ಪ್ರತಿ ರಿಂಗಿಗೆ ಒಂದು ದಬ್ಬೆ, ಪ್ರತಿ ದಬ್ಬೆಗೆ ಸುಣ್ಣದಲ್ಲಿ ನಂಬರು. ಟೇಪು ಯಾಕೆ ಬೇಡ ಎಂದು ಕೇಳಿದೆ.

"ಟೇಪು ನೋಡಿ ಹೇಳೂದು ಒಬ್ಬ, ಬರ್ಕಳೂದು ಒಬ್ಬ, ಬಗ್ಗಿಸೂದು ಒಬ್ಬ. ಮೂರು ಕಡೆ ತಪ್ಪೂಕೆ ಜಾಗ ಅದೆ. ದಬ್ಬೆ ಆದ್ರೆ ತಕಂಡು ಹೋಗಿ ಮೇಲೆ ಇಟ್ಟು ಬಗ್ಗಿಸೂದೇ."

ಆಮೇಲೆ ನಾನು ಕೋಷ್ಟಕ ಹಿಡಿದು ಪರೀಕ್ಷೆ ಮಾಡಿದೆ. ಒಂದು ರಿಂಗೂ ಬೆರಳಿನಗಲ ಹೆಚ್ಚುಕಮ್ಮಿ ಇರಲಿಲ್ಲ. ಇದರಿಂದ ನನಗೆ ಸಂತೋಷವಾಗಬೇಕಿತ್ತು. ಎರಡು ದಿನ ಕೂತು ಮಾಡಿದ ಕೋಷ್ಟಕ ಅವರ ಕಿಸೆಯಲ್ಲಿ ಬೆವರಿನಿಂದ ಒದ್ದೆಯಾಗುತ್ತಿದೆಯಲ್ಲ ಎಂದು ಒಳಗೊಳಗೆ ಉರಿಯಿತು.

ಈಚೆ ದಡದ ಕ್ಯಾಪು ಸಲೀಸಾಗಿ ಮುಗಿಯಿತು. ರಸ್ತೆಯ ಕಡೆಯಿಂದ ಹಳ್ಳಕ್ಕೆ ಮುಖ ಮಾಡಿ ನಿಂತರೆ ಅಗಲ ಮೂಲೆ ಎಡಗಡೆ, ಆರು ದಪ್ಪ ರಾಡುಗಳೂ ಎಡಗಡೆ. ಕಾಂಕ್ರೀಟು ಬಿತ್ತು. ಆಚೆ ದಡದ ಕ್ಯಾಪಿಗೆ ಕಬ್ಬಿಣ ಕಟ್ಟುವ ಹೊತ್ತಿಗೆ ನಾನು ಇನ್ನೊಂದು ಕೆಲಸಕ್ಕೆ ಮೂರು ದಿನ ಭಟ್ಕಳಕ್ಕೆ ಹೋಗಬೇಕಾಯಿತು. ಅಲ್ಲಿ ಒಂದು ಚರಂಡಿಯ ಅಳತೆ. ಆ ಚರಂಡಿಯ ಎರಡೂ ಬದಿಯವರು ಅದು ಎದುರಿನವರ ಜಾಗದಲ್ಲಿ ಹೋಗಬೇಕೆಂದು ನನಗೆ ಕನ್ನಡದಲ್ಲಿ, ತಮ್ಮೊಳಗೆ ನವಾಯತಿಯಲ್ಲಿ ವಾದಿಸಿದರು. ಮೂರು ದಿನವೂ ಬಿಸಿಲು ತಿಂದು, ಇತ್ಯರ್ಥವಾಗದೆ, ಬರುವ ದಾರಿಯಲ್ಲಿ ಹೈವೇ ಅಗೆದಲ್ಲೆಲ್ಲ ನಿಂತು ನಿಂತು, ನಾಲ್ಕನೇ ದಿನ ಕತಗಾಲದ ಸೈಟಿಗೆ ಹೋದೆ. ಇಷ್ಟನ್ನೂ ಯಾಕೆ ಹೇಳುತ್ತಿದ್ದೇನೆಂದರೆ, ಅವತ್ತು ನಾನು ಆಡಿದ ಮಾತಿಗೆ ಬೇರೆ ಯಾರನ್ನಾದರೂ ಹೊಣೆ ಮಾಡಬಹುದೇ ಎಂದು ಆಮೇಲೆ ಬಹಳ ಹುಡುಕಿದ್ದೇನೆ. ಚರಂಡಿಯವರ ಮೇಲೆ ಹಾಕಲು ಆಗಲಿಲ್ಲ.

ಸೈಟಿನಲ್ಲಿ ಗುತ್ತಿಗೆದಾರರಿದ್ದರು, ಏಳು ಜನ ಕೆಲಸದವರಿದ್ದರು, ಅಗಳಿನ ಮೇಲೆ ಯಜಮಾನರಿದ್ದರು. ಕಾಲುಸಂಕ ದಾಟಿ ಆಚೆ ದಡಕ್ಕೆ ಹೋಗಿ, ನಕ್ಷೆ ಬಿಚ್ಚಿ, ಪಂಜರ ನೋಡಿದೆ. ನಕ್ಷೆಯಲ್ಲಿ ದಪ್ಪ ರಾಡು ಬಲಗಡೆ. ಪಂಜರದಲ್ಲಿ ದಪ್ಪ ರಾಡು ಎಡಗಡೆ.

"ಮೇಸ್ತ್ರಿ, ಇದೆಂತ?"

"ಎಂತ ಆತು ಮೇಡಂ?"

"ದಪ್ಪ ರಾಡು ಎಡಗಡೆ ಹಾಕಿದ್ದೀರಿ. ಶೀಟಿನಲ್ಲಿ ಬಲಗಡೆ ಇದೆ. ಕಾಣುವುದಿಲ್ಲವಾ?"

"ಶೀಟಲ್ಲಿ ಬಲಗಡೆ ಇದ್ದದ್ದು ಕಂಡಿದೆ. ಆದ್ರೆ ಅಗಲ ಮೂಲೆ ಇಲ್ಲೂ ಎಡಗೈ ಬದಿಗೇ ಬರ್ತದೆ. ಆಚೆ ನಿಂತು ಹಳ್ಳ ನೋಡಿದ್ರೂ ಎಡಗೈ, ಈಚೆ ಬಂದು ಹಳ್ಳ ನೋಡಿದ್ರೂ ಎಡಗೈ. ನಾ ಎರಡು ಸಲ ನಿಂತು ನೋಡಿದೆ. ನೀವೂ ಒಂದ್ಸಲ ರಸ್ತೆ ಬದಿಗೆ ಹೋಗಿ ನಿಂತು ನೋಡಿ."

ರಸ್ತೆಯ ಬದಿ ಎಂದರೆ ನಾಲ್ಕು ಹೆಜ್ಜೆ. ನಾನು ನಿಂತಿದ್ದದ್ದು ಪಂಜರಕ್ಕೆ ಒತ್ತಿಕೊಂಡು, ಕಣ್ಣು ನಕ್ಷೆಯ ಮೇಲೆ. ನಾಲ್ಕು ಹೆಜ್ಜೆ ಹಿಂದೆ ಹೋಗಿದ್ದರೆ ಗೋಡೆಯ ಆಕಾರ ಇಡಿಯಾಗಿ ಕಾಣುತ್ತಿತ್ತು. ಹೋಗಲಿಲ್ಲ.

"ನಿಂತು ನೋಡಲಿಕ್ಕೆ ಇದೇನು ಯಕ್ಷಗಾನವಾ?" ಎಂದೆ. ಕೆಲಸದವರಲ್ಲಿ ಒಬ್ಬರು ನಕ್ಕರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಶೀಟು ತಿದ್ದುವಷ್ಟು ಓದಿದವರು ನೀವಾದರೆ ನಾನು ಇಲ್ಲಿಗೆ ಯಾಕೆ ಬರಬೇಕು? ಮನೆಯಲ್ಲಿ ಕೂರುತ್ತಿದ್ದೆ. ನಾಳೆ ಮಳೆಗಾಲದಲ್ಲಿ ಲಾರಿ ಸಮೇತ ಸಂಕ ಕುಸಿದು ಕೂತರೆ ನಿಮ್ಮನ್ನು ಕೇಳಲು ಬರುತ್ತಾರಾ, ನನ್ನನ್ನಾ?"

ಈ ಸಲ ಯಾರೂ ನಗಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ತಂತಿ ಬಿಗಿಯುವ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆತು ಮೇಡಂ," ಎಂದರು. ಅಷ್ಟೇ.

ಅಷ್ಟಕ್ಕೂ ನನಗೆ ಸಮಾಧಾನವಾಗಲಿಲ್ಲ. ಸೈಟಿನಲ್ಲಿ ಒಂದು ಪುಸ್ತಕ ಇರುತ್ತದೆ. ನಾವು ಕೊಡುವ ಸೂಚನೆಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಪುಟಕ್ಕೆ ನಂಬರಿದೆ, ಕಾರ್ಬನ್ ಹಾಳೆ ಇದೆ, ಹರಿದು ಬಿಸಾಡುವ ಹಾಗಿಲ್ಲ. ಕೊನೆಗೆ ಮೇಲಿನ ಅಧಿಕಾರಿಗಳ ಕೈಗೆ ಹೋಗುವಂಥದ್ದು. ಅದನ್ನು ತರಿಸಿ ಬರೆದೆ. ಬೈಯಲು ಕನ್ನಡ, ಬರೆಯಲು ಇಂಗ್ಲಿಷ್, ಇದು ನಮ್ಮ ಕಸುಬಿನ ರೂಢಿ. ಬರೆದು, ಕೆಳಗೆ ಸಹಿ ಹಾಕಿ ಎಂದು ಮೇಸ್ತ್ರಿಗೆ ಕೊಟ್ಟೆ. ಅವರು ಕೈ ಒರೆಸಿಕೊಂಡು ಕನ್ನಡದಲ್ಲಿ ಪೂರ್ತಿ ಹೆಸರು ಬರೆದು, ಇನಿಷಿಯಲ್ ಹಾಕಿ, ಅದರ ಮುಂದೆ ಒಂದು ಚುಕ್ಕಿಯನ್ನೂ ಇಟ್ಟರು. ಏನು ಬರೆದಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗುತ್ತಿಗೆದಾರರಿಗೆ ಇಂಗ್ಲಿಷ್ ಬರುತ್ತದೆ. ಓದಿ ಪುಸ್ತಕ ಮುಚ್ಚಿ ನನ್ನನ್ನು ಬದಿಗೆ ಕರೆದರು. "ಬುಕ್ಕಲ್ಲಿ ಹೀಂಗೆ ಬಂದ ಮೇಲೆ ಇವರನ್ನ ಸ್ಲ್ಯಾಬಿಗೆ ಇಟ್ಕಳೂಕೆ ಆಗೂದಿಲ್ಲ ಮೇಡಂ. ಮೇಲಿನವ್ರು ನನ್ನನ್ನೇ ಕೇಳ್ತ್ರು. ಇದೊಂದು ತಿರುಗಿಸಿ ಕಟ್ಟಿ ಹೋಗ್ಲಿ." ಅದು ನಿಮಗೆ ಬಿಟ್ಟದ್ದು ಎಂದೆ. ಭಟ್ಕಳದಿಂದ ಕುಮಟೆಯವರೆಗೆ ಸೇತುವೆ ಕೆಲಸ ಹಿಡಿಯುವವರು ಕೈಬೆರಳಿನಲ್ಲಿ ಎಣಿಸುವಷ್ಟು ಜನ. ಒಬ್ಬರು ಪುಸ್ತಕದಲ್ಲಿ ಬರೆಸಿಕೊಂಡ ಮೇಸ್ತ್ರಿಯನ್ನು ಇನ್ನೊಬ್ಬರು ಕರೆಯುವುದಿಲ್ಲ. ಇದು ಅವತ್ತೂ ನನಗೆ ಗೊತ್ತಿತ್ತು.

ಮೇಸ್ತ್ರಿ ಎರಡು ದಿನದಲ್ಲಿ ಎಲ್ಲ ಬಿಚ್ಚಿ, ತಿರುಗಿಸಿ ಕಟ್ಟಿ, ತಮ್ಮ ಸಾಮಾನು ತೆಗೆದುಕೊಂಡು ಹೆಬಳೆಗೆ ಹೋದರು. ಏಳು ಜನ ಬೇರೆ ಮೇಸ್ತ್ರಿ ಬರುವವರೆಗೆ ಅಲ್ಲೇ ಉಳಿದರು. ಮೂರನೇ ದಿನ ಮಧ್ಯಾಹ್ನ ನಾನು ಕಡೆಯ ತಪಾಸಣೆಗೆ ಹೋದೆ. ಮರುದಿನ ಬೆಳಿಗ್ಗೆ ಕಾಂಕ್ರೀಟು. ಫೈಲಿಗೆ ಫೋಟೋ ಬೇಕಿತ್ತು. ಫೋಟೋದಲ್ಲಿ ಇಡೀ ಕ್ಯಾಪು ಬರಬೇಕೆಂದು ರಸ್ತೆಯ ಬದಿಗೆ ಹೋಗಿ, ಹಳ್ಳಕ್ಕೆ ಮುಖ ಮಾಡಿ ತೆಗೆದೆ. ಈಚೆ ದಡದ ಹಳೆಯ ಫೋಟೋದ ಪಕ್ಕ ಇಟ್ಟು ಕಳುಹಿಸೋಣ ಎಂದು ಎರಡನ್ನೂ ಒಟ್ಟಿಗೆ ತೆರೆದೆ.

ಮೊದಲನೆಯದರಲ್ಲಿ ದಪ್ಪ ರಾಡು ಎಡಗಡೆ, ಅಗಲ ಮೂಲೆಯಲ್ಲಿ ಆರಾಮವಾಗಿ ಮಲಗಿದ್ದವು. ಎರಡನೆಯದರಲ್ಲಿ ಬಲಗಡೆಯ ಚೂಪು ಮೂಲೆಯೊಳಗೆ ತುರುಕಿಕೊಂಡು ಕೂತಿದ್ದವು. ಎಡಗಡೆಯ ಅಗಲ ಮೂಲೆ ಬೋಳು. ಫೋನೇ ಏನೋ ಎಡಬಲ ಮಾಡಿದೆ ಎಂದುಕೊಂಡು ತಲೆಯೆತ್ತಿ ನೋಡಿದೆ. ಫೋನು ಏನೂ ಮಾಡಿರಲಿಲ್ಲ.

ನಕ್ಷೆ ಬರೆಯುವ ಕಂಪ್ಯೂಟರಿನಲ್ಲಿ ಒಂದು ಸೌಕರ್ಯವಿದೆ. ಬರೆದದ್ದನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಕೊಡುತ್ತದೆ. ನೇರ ಸೇತುವೆಗೆ ಒಂದು ದಡ ಬರೆದರೆ ಸಾಕು, ಇನ್ನೊಂದು ಅದರ ಕನ್ನಡಿಬಿಂಬ. ಇಪ್ಪತ್ತೈದು ವರ್ಷದಿಂದ ನನ್ನ ಕೈ ಅದನ್ನೇ ಮಾಡುತ್ತಾ ಬಂದಿದೆ. ಓರೆ ಸೇತುವೆಯಲ್ಲಿ ಎರಡನೇ ದಡ ಮೊದಲನೆಯದರ ಬಿಂಬವಲ್ಲ, ಅದನ್ನೇ ಅರ್ಧ ಸುತ್ತು ತಿರುಗಿಸಿ ಇಟ್ಟದ್ದು. ಎಡಗೈಯಲ್ಲಿದ್ದದ್ದು ಎಡಗೈಯಲ್ಲೇ ಉಳಿಯುತ್ತದೆ. ಗೋಡೆಯ ನಕ್ಷೆಯನ್ನು ಸರಿಯಾಗಿಯೇ ಮಾಡಿದ್ದೆ, ಕ್ಯಾಪಿನ ಕಬ್ಬಿಣದ ನಕ್ಷೆಗೆ ಬರುವಾಗ ಸಂಜೆಯಾಗಿತ್ತು, ಕೈ ತನ್ನಷ್ಟಕ್ಕೆ ಮಗುಚಿತು. ವಿಷಯ ಗೊತ್ತಿಲ್ಲದೆ ಆದ ತಪ್ಪಲ್ಲ. ಊರಿಗೆಲ್ಲ ಶಂಕರಪೋಳಿ ಹಿಡಿದು ಪಾಠ ಮಾಡಿದವಳು ನಾನೇ.

ಹೊನ್ನಾವರಕ್ಕೆ ಫೋನು ಮಾಡಿದೆ. ಸರ್ ಪೂರ್ತಿ ಕೇಳಿ, ಸ್ವಲ್ಪವೂ ಗಾಬರಿಯಾಗದೆ ಹೇಳಿದರು: "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ? ಬಲಗಡೆ ಇದ್ದದ್ದು ಇರಲಿ, ಎಡಗಡೆಗೂ ಇನ್ನಾರು ಹಾಕಿಸು. ಎರಡೂ ಕಡೆ ಇದ್ದರೆ ಸಂಕಕ್ಕೆ ಒಳ್ಳೆಯದೇ. ತಪ್ಪು ಯಾರದ್ದು ಎಂದು ಕೇಳುವ ಪ್ರಶ್ನೆಯೇ ಬರುವುದಿಲ್ಲ."

ಅವರು ಹೇಳಿದ್ದರಲ್ಲಿ ಲೆಕ್ಕದ ತಪ್ಪೇನೂ ಇರಲಿಲ್ಲ. ಕಬ್ಬಿಣ ಹೆಚ್ಚಾದರೆ ಸೇತುವೆ ಬೀಳುವುದಿಲ್ಲ. ಗುತ್ತಿಗೆದಾರರಿಗೆ ಹೇಳಿದರೆ ಅವರಿಗೂ ಖುಷಿ, ಬೆಳಗಿನ ಕಾಂಕ್ರೀಟು ನಿಲ್ಲುವುದಿಲ್ಲ. "ಸರಿ ಸರ್" ಎಂದೆ. ಹೌದು, ಅಂದೆ. ಆ ಸೂಚನೆ ಬರೆಯಲು ಸೈಟಿನ ಪುಸ್ತಕ ತರಿಸಿ ತೆರೆದೆ. ಅದೇ ಪುಟ. ಮೇಲೆ ನನ್ನ ಇಂಗ್ಲಿಷ್, ಅದರ ಕೆಳಗೆ ಅವರ ಪೂರ್ತಿ ಹೆಸರು, ಇನಿಷಿಯಲ್, ಚುಕ್ಕಿ. ಅದರ ಕೆಳಗೆ ಖಾಲಿ ಜಾಗ. ಅಲ್ಲಿ ನಾನು ಎಡಗಡೆಗೂ ಆರು ಎಂದು ಬರೆದರೆ ಸಂಕ ಗಟ್ಟಿಯಾಗುತ್ತಿತ್ತು, ನಾನು ಉಳಿಯುತ್ತಿದ್ದೆ, ಮೇಲಿನ ನಾಲ್ಕು ಸಾಲು ಇದ್ದ ಹಾಗೇ ಇರುತ್ತಿತ್ತು. ನನಗೆ ಸಿಟ್ಟು ಬಂತು, ಅದೂ ಮೇಸ್ತ್ರಿಯ ಮೇಲೆ. ಸರಿ ಇದ್ದ ಮನುಷ್ಯ ಯಾಕೆ ಜಗಳ ಮಾಡಲಿಲ್ಲ? ಯಾಕೆ ಓದದೆ ಸಹಿ ಹಾಕಿದರು? ಹೀಗೆ ಇಷ್ಟು ಒಳ್ಳೆಯ ಅಕ್ಷರದಲ್ಲಿ ಯಾಕೆ ಹಾಕಿದರು?

ಏನೂ ಬರೆಯದೆ ಪುಸ್ತಕ ಮುಚ್ಚಿದೆ. ಗುತ್ತಿಗೆದಾರರಿಗೆ ನಾಳೆ ಕಾಂಕ್ರೀಟು ಇಲ್ಲ ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ನಾಳೆಯೇ ಹೇಳುತ್ತೇನೆ ಎಂದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು, ಇನ್ನು ಮೇಲೆ ಹೆಂಗಸರಿರುವ ಆಫೀಸಿನ ಕೆಲಸ ಹಿಡಿಯುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡದ್ದು ಮುಖದಲ್ಲೇ ಕಂಡಿತು. ಮೇಸ್ತ್ರಿಗೆ ಸಂಜೆಯವರೆಗೆ ಆರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಬೆಳಿಗ್ಗೆ ಬೇಗ ಕಾರು ತೆಗೆದುಕೊಂಡು ಹೆಬಳೆಗೆ ಹೊರಟೆ. ಇದೇ ದಾರಿಯಲ್ಲಿ ಸಾವಿರ ಸಲ ಬೈದುಕೊಂಡು ಹೋಗಿದ್ದೇನೆ, ಅವತ್ತು ಹೈವೇಯ ಹೊಂಡಗಳು ಬೈಯುವಷ್ಟೂ ಗಮನಕ್ಕೆ ಬರಲಿಲ್ಲ. ಹೆಬಳೆಯಲ್ಲಿ ಅಂಗಡಿಯವರು ಮನೆ ತೋರಿಸಿದರು. ಹೆಂಡತಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿಕೊಂಡು ಹರಿವೆ ಮಡಿಯಲ್ಲಿ ಕಳೆ ಕೀಳುತ್ತಿದ್ದರು. ನನ್ನನ್ನು ಕಂಡು ಎದ್ದರು, ಆದರೆ ಅವಸರ ಮಾಡಲಿ‌ಲ್ಲ, ಕೈ ತೊಳೆದುಕೊಂಡೇ ಬಂದರು.

"ಬನ್ನಿ ಮೇಡಂ, ಕೂತ್ಕಳಿ."

ಕೂರಲಿಲ್ಲ. ಕೂತರೆ ಮಾತು ಬರುವುದಿಲ್ಲ ಎನಿಸಿತು. ನೀವು ಮೊದಲು ಕಟ್ಟಿದ್ದೇ ಸರಿ, ತಪ್ಪಿದ್ದು ನಾನು, ನಿಮಗೆ ಹಾಗೆ ಅನ್ನಬಾರದಿತ್ತು ಎಂದು ಒಂದೇ ಉಸಿರಿಗೆ ಹೇಳಿದೆ.

"ಹೂಂ," ಎಂದರು.

ಅಷ್ಟಕ್ಕೆ ನನ್ನ ಹಳೆಯ ಬುದ್ಧಿ ಎದ್ದಿತು. "ಸರಿ ಎಂದು ಗೊತ್ತಿದ್ದರೆ ಯಾಕೆ ತಿರುಗಿಸಿ ಕಟ್ಟಿದಿರಿ? ಬಾಯಿಬಿಟ್ಟು ಹೇಳುವುದಲ್ಲವಾ?"

"ಹೇಳಿದ್ನಲ್ರಾ. ಒಂದ್ಸಲ ಹೇಳಿದೆ. ಎರಡನೇ ಸಲ ಹೇಳೂಕೆ ನೀವು ಜಾಗ ಕೊಡ್ಲಿಲ್ಲ."

ಹೆಂಡತಿ ತಲೆ ಎತ್ತದೆ ಹೂ ಕಟ್ಟುತ್ತಲೇ ಇದ್ದರು. ಗಂಟು ಹಾಕುವ ಬೆರಳು ಮಾತ್ರ ನಿಧಾನವಾಯಿತು. ಕೆಲಸಕ್ಕೆ ವಾಪಸು ಬನ್ನಿ, ಸ್ಲ್ಯಾಬಿಗೂ ನೀವೇ ಬೇಕು ಎಂದು ಕೇಳಿದೆ. ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಿದೆ.

"ಅದನ್ನ ಇಲ್ಲಿ ಹೇಳಿದ್ರೆ ಇವ್ಳೊಬ್ಳಿಗೆ ಗೊತ್ತಾಗ್ತದೆ ಮೇಡಂ. ಇವ್ಳಿಗೆ ಮೊದ್ಲೇ ಗೊತ್ತಿತ್ತು. ಎಲ್ಲಿ ಬೈದ್ರೋ ಅಲ್ಲಿ ಹೇಳಿ."

ಮಜ್ಜಿಗೆ ಕುಡಿಸಿ, ಅಂಗಿ ಬದಲಿಸಿ, ಕೊಕ್ಕೆಯನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದರು. ಹೊನ್ನಾವರದ ಸೇತುವೆ ದಾಟಿದೆವು. ನಾನು ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ. ಎಷ್ಟು ಜೋಡಿಸಿದರೂ ಅದರಲ್ಲಿ ಕಂಪ್ಯೂಟರು, ಬಿಸಿಲು, ಭಟ್ಕಳದ ಚರಂಡಿ ಹೇಗೋ ಒಳಗೆ ಬರುತ್ತಿದ್ದವು. ತೆಗೆದು ಹಾಕುವುದೇ ಒಂದು ಕೆಲಸವಾಯಿತು.

ಸೈಟಿನಲ್ಲಿ ಅದೇ ಜನ ಇದ್ದರು. ಗುತ್ತಿಗೆದಾರರು, ಏಳು ಜನ, ಅಗಳಿನ ಮೇಲೆ ಯಜಮಾನರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಮೇಸ್ತ್ರಿ ಕಟ್ಟಿದ್ದು ಸರಿಯಿತ್ತು, ನನ್ನ ನಕ್ಷೆ ತಪ್ಪು, ನಾನು ನೋಡದೆ ಬೈದೆ. ಹೇಳಿ ಮುಗಿದಾಗ ಸಲೀಸಾಗಿಯೇ ಮುಗಿಯಿತಲ್ಲ ಎನಿಸಿತು. ಇನ್ನೇನು, ಕೆಲಸ ಶುರು ಮಾಡೋಣ ಎಂದು ತಿರುಗಿದೆ.

"ಬುಕ್ ತರ್ಸಿ ಮೇಡಂ," ಎಂದರು ಮೇಸ್ತ್ರಿ.

ಪುಸ್ತಕ ಬಂತು. ಆ ಪುಟ ತೆಗೆದು ನನ್ನ ಕೈಗೆ ಕೊಟ್ಟರು. "ನಾ ಸಹಿ ಹಾಕಿದ್ದು ಎಂತಕ್ಕೆ ಅಂತ ಓದಿ ಹೇಳಿ. ಕನ್ನಡದಲ್ಲಿ."

ಓದಿದೆ. ಬಾರ್ ಬೆಂಡರ್ ನಕ್ಷೆಯನ್ನು ಕಡೆಗಣಿಸಿ ತನ್ನ ಮನಸ್ಸಿಗೆ ಬಂದ ಹಾಗೆ ಕೆಲಸ ಮಾಡಿದ್ದಾನೆ. ಇಂಗ್ಲಿಷಿನಲ್ಲಿ ಬರೆಯುವಾಗ ಅಲ್ಲಿ ಏಕವಚನವಿರಲಿಲ್ಲ, ಬಹುವಚನವೂ ಇರಲಿಲ್ಲ. ಕನ್ನಡದಲ್ಲಿ ಬಾಯಿಗೆ ಬಂದದ್ದು ಏಕವಚನವೇ, ಯಾಕೆಂದರೆ ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೇ. ಮುಂದಿನ ಸಾಲಿನಲ್ಲಿ ಒಂದು ಪದ ಬಂತು. "ಗಮನ ತಪ್ಪಿ" ಎಂದು ಓದಿದೆ. ಗುತ್ತಿಗೆದಾರರು ಕೆಮ್ಮಿದರು. ಅವರ ಮುಖ ನೋಡಲಾಗಲಿಲ್ಲ. "ಬೇಜವಾಬ್ದಾರಿಯಿಂದ," ಎಂದು ತಿದ್ದಿಕೊಂಡೆ. "ಬೇಜವಾಬ್ದಾರಿಯಿಂದ ಮಾಡಿದ ಈ ಕೆಲಸವನ್ನು ಬಿಚ್ಚಿಸಲಾಗಿದೆ. ಮುಂದಿನ ಕೆಲಸಕ್ಕೆ ಇಂಥವರನ್ನು ತೊಡಗಿಸುವಾಗ ಎಚ್ಚರ ವಹಿಸತಕ್ಕದ್ದು."

ಮೇಸ್ತ್ರಿ ತಮ್ಮ ಸಹಿಯನ್ನು ನೋಡುತ್ತಾ ನಿಂತಿದ್ದರು.

"ಇದಕ್ಕೆ ನಾನೇ ಸಹಿ ಹಾಕಿದ್ದು," ಎಂದರು, ಯಾರಿಗೂ ಅಲ್ಲ ಎಂಬ ಹಾಗೆ.

ನಾಚಿಕೆ ಎಂದರೆ ಏನೆಂದು ಆ ಮೊದಲು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ಪುಸ್ತಕವನ್ನು ರಾಡಿನ ಕಟ್ಟಿನ ಮೇಲೆ ಇಟ್ಟು, ಅವರ ಸಹಿಯ ಕೆಳಗೆ ಕನ್ನಡದಲ್ಲಿ ಬರೆದೆ: ಎರಡನೇ ದಡದ ಕ್ಯಾಪಿನಲ್ಲಿ ಮೇಸ್ತ್ರಿಯವರು ಮೊದಲು ಕಟ್ಟಿದ್ದೇ ಸರಿ. ನಕ್ಷೆ ತಪ್ಪಾಗಿತ್ತು. ಮೇಲೆ ಬರೆದದ್ದನ್ನು ರದ್ದು ಮಾಡಲಾಗಿದೆ. ಬರೆದು ಕೊಟ್ಟೆ. ಈ ಸಲ ಅವರು ಓದಿದರು. ಬೆರಳು ಇಟ್ಟು, ಒಂದೊಂದೇ ಪದ, ಅವಸರವಿಲ್ಲದೆ. ಕೆಲಸದವರು ನಿಂತೇ ಇದ್ದರು. ಬೆರಳು ಒಂದು ಕಡೆ ನಿಂತಿತು.

"ನನ್ನ ತಪ್ಪು ಬರೆಯೂವಾಗ ಬಾರ್ ಬೆಂಡರ್ ಅಂತ ಬರ್ದಿದ್ರಿ. ಇಲ್ಲಿ ನಕ್ಷೆ ಯಾರು ಮಾಡಿದ್ದು ಅಂತ ಇಲ್ಲ."

ಪೆನ್ನು ತೆಗೆದುಕೊಂಡು ನಕ್ಷೆ ಎಂಬುದರ ಹಿಂದೆ, ಸಾಲಿನ ಮೇಲೆ, "ನಾನು ಬರೆದ" ಎಂದು ಸೇರಿಸಿದೆ. ಕೆಳಗೆ ಸಹಿ ಹಾಕಿದೆ. ನನ್ನ ಸಹಿ ಯಾರಿಗೂ ಓದಲು ಬರುವುದಿಲ್ಲ, ಹಾಗೇ ರೂಢಿಯಾಗಿದೆ. ಅವರು ಅದನ್ನು ನೋಡಿದರು. ನಾನೇ ಅದರ ಪಕ್ಕದಲ್ಲಿ ಬಿಡಿಸಿ ಬಿಡಿಸಿ ನನ್ನ ಹೆಸರು ಬರೆದೆ.

ಆಗ ಅವರು ಪೆನ್ನಿಗೆ ಕೈ ಚಾಚಿದರು.